ಹುರಿಯ ಮೂಳೆ

ಸಿಟ್ಟು ಅವನ ಮೂಗಿನ ತುದಿಯಲ್ಲೇ ಇರುತ್ತೆ ಎಂದು ಎಲ್ಲರೂ ಹೇಳುತ್ತಿದ್ದರು. ಅವನ ಅಕ್ಕ ಮಾತ್ರ ಒಪ್ಪುತ್ತಿರಲಿಲ್ಲ. ಅವಳ ಪ್ರಕಾರ ಅದು ಇದ್ದದ್ದು ಹೊಟ್ಟೆಯಲ್ಲಿ, ಅದೂ ಖಾಲಿ ಹೊಟ್ಟೆಯಲ್ಲಿ.

ಲಾಯದವರು ಅವನಿಗೆ ಇಟ್ಟ ಹೆಸರು ಹುರಿ. ಹದಿನೆಂಟು ವರ್ಷದಿಂದ ರೇಸ್ ಕುದುರೆ ಓಡಿಸುತ್ತಿದ್ದ ಜಾಕಿ. ಮೈಮೇಲೆ ಒಂದು ಚಿಟಿಕೆ ಕೊಬ್ಬಿಲ್ಲ. ನೆನೆಸಿ, ಹಿಂಡಿ, ಬಿಸಿಲಿಗೆ ಹಾಕಿದ ಹಗ್ಗದ ಹಾಗೆ ನರ ನರವೂ ಎದ್ದು ಕಾಣುತ್ತಿತ್ತು. ಹೊಸಬರು ಯಾರಾದರೂ ಬಂದು, "ಹುರಿ ಅಂದ್ರೆ ಹಗ್ಗಾನಾ, ಇಲ್ಲಾ ಬಾಣಲೇಲಿ ಹುರಿಯೋದಾ?" ಎಂದು ಕೇಳಿದರೆ, "ಹೋಗಿ ಅವನ ಹತ್ರ ಐದು ನಿಮಿಷ ಮಾತಾಡು, ಗೊತ್ತಾಗುತ್ತೆ" ಅನ್ನುತ್ತಿದ್ದರು.

ಅವನ ಮೈಯನ್ನು ಅಕ್ಕನಷ್ಟು ಸರಿಯಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ. ಅವಳದು ಹೊಲಿಗೆ ಅಂಗಡಿ. ತಮ್ಮನಿಗೆ ಅಂಗಡಿಯಲ್ಲಿ ಸಿಗುವ ಯಾವ ಬಟ್ಟೆಯೂ ಆಗುತ್ತಿರಲಿಲ್ಲ. ಸೊಂಟ ಇಪ್ಪತ್ತನಾಲ್ಕು ಇಂಚು, ಹನ್ನೆರಡು ವರ್ಷದ ಹುಡುಗನದು. ಭುಜ ಮಾತ್ರ ಮೂಟೆ ಹೊರುವವನದು. ತೊಡೆ ಕಬ್ಬಿಣ, ಮೊಣಕಾಲಿಂದ ಕೆಳಗೆ ಕಡ್ಡಿ. ಮಣಿಕಟ್ಟಿನ ಸುತ್ತಳತೆ ತೆಗೆದರೆ ಅಕ್ಕನ ಮಣಿಕಟ್ಟಿಗಿಂತ ಸಣ್ಣದು, ಆದರೆ ಆ ಕೈ ಐನೂರು ಕಿಲೋ ಕುದುರೆಯನ್ನು ಎರಡು ಬೆರಳಲ್ಲಿ ತಡೆದು ನಿಲ್ಲಿಸುತ್ತಿತ್ತು. "ನಿನ್ನನ್ನ ದೇವರು ಮೂರು ಜನರ ತುಂಡು ಬಟ್ಟೇಲಿ ಹೊಲಿದಿದ್ದಾನೆ ಕಣೋ" ಎಂದು ಅವಳು ನಗುತ್ತಿದ್ದಳು.

ನೋಡುವವರಿಗೆ ಜಾಕಿ ಕುದುರೆಯ ಮೇಲೆ ಕೂತಿರುತ್ತಾನೆ ಅನಿಸುತ್ತದೆ. ಕೂರುವುದೆಲ್ಲಿಂದ ಬಂತು? ಕಾಲ್ಬೆರಳ ಮೇಲೆ ನಿಂತು, ಮಂಡಿ ಮಡಿಸಿ, ಬೆನ್ನನ್ನು ಹಲಗೆಯ ಹಾಗೆ ಚಾಚಿ, ಎರಡು ನಿಮಿಷ ಗಾಳಿಯಲ್ಲಿ ತೂಗಾಡಬೇಕು. ಹುರಿ ಒಮ್ಮೆ ಜಂಬ ಕೊಚ್ಚಿಕೊಳ್ಳುತ್ತಿದ್ದ ಪೈಲ್ವಾನನೊಬ್ಬನಿಗೆ ಹಾಗೆ ನಿಂತು ತೋರಿಸು ಎಂದಿದ್ದ. ನಲವತ್ತು ಸೆಕೆಂಡಿಗೆ ಪೈಲ್ವಾನನ ತೊಡೆ ಪತರಗುಟ್ಟಿ, ಅವನು ಧೊಪ್ಪನೆ ಕುಂಡೆ ಊರಿದ.

ಹದಿನೈದನೇ ವಯಸ್ಸಿನಲ್ಲಿ ಅವನನ್ನು ಆರಿಸಿದ್ದು ಲಾಯದ ಟ್ರೇನರ್. ಕುದುರೆ ಕೊಳ್ಳುವವರ ಹಾಗೆ ಅವನ ಪಾದ, ಗೆಣ್ಣು, ಅಂಗೈ ಎಲ್ಲ ತಿರುಗಿಸಿ ನೋಡಿದ್ದ. ಆಗಲೇ ಅಪ್ಪ ಅಮ್ಮ ತೀರಿಕೊಂಡಿದ್ದರು. ಹನ್ನೆರಡು ವರ್ಷ ದೊಡ್ಡವಳಾದ ಅಕ್ಕನೇ ಮನೆಗೆ ಹಿರಿಯಳು. "ಮನೇಲಿ ಎಲ್ಲರೂ ಕುಳ್ಳರಾ? ಇವನು ಮುಂದೆ ಬೆಳೆದುಬಿಟ್ರೆ ಕಷ್ಟ. ಎಲ್ಲಿ, ನೀವು ಸ್ವಲ್ಪ ಎದ್ದು ನಿಲ್ಲಿ" ಅಂದಿದ್ದ ಟ್ರೇನರ್.

"ನಿಂತೇ ಇದ್ದೀನಿ" ಅಂದಿದ್ದಳು ಅಕ್ಕ.

ಟ್ರೇನರ್‌ಗೆ ಅಷ್ಟು ಸಾಕಾಯಿತು. ಹುರಿ ಸೇರಿಕೊಂಡ.

ಹತ್ತೊಂಬತ್ತಕ್ಕೆ ಮೈ ಮಾತು ಮುರಿಯಿತು. ಯಾರೂ ಎಣಿಸದ ಹೊತ್ತಿನಲ್ಲಿ ನಾಲ್ಕು ಬೆರಳು ಎತ್ತರ ಬಂತು, ಎದೆ ಅಗಲವಾಯಿತು. ಹೊಟ್ಟೆ ತುಂಬ ಉಂಡರೆ ಐವತ್ತೈದು ಕಿಲೋಗೆ ಬಂದು ನಿಲ್ಲುವ ಮೈ ಅದು. ರೇಸಿನಲ್ಲಿ ಪ್ರತಿ ಕುದುರೆ ಎಷ್ಟು ಭಾರ ಹೊರಬೇಕು ಎಂದು ರೇಸು ನಡೆಸುವ ಕಮಿಟಿಯವರು ಗೊತ್ತುಮಾಡುತ್ತಾರೆ. ಎಲ್ಲಕ್ಕಿಂತ ಕಡಿಮೆಯದು ನಲವತ್ತೊಂಬತ್ತು. ಹುರಿಗೆ ಸಿಗುತ್ತಿದ್ದದ್ದು ಐವತ್ತು, ಐವತ್ತೊಂದರ ಕುದುರೆಗಳು. ಅದೂ ಜಾಕಿಯ ಮೈ, ಬೂಟು, ಬಟ್ಟೆ, ಜೀನು ಎಲ್ಲ ಸೇರಿ. ಕಾಲು ಕಿಲೋ ಹೆಚ್ಚಾದರೂ ಕುದುರೆ ಬೇರೆಯವನ ಪಾಲು.

ಅಲ್ಲಿಂದ ಶುರುವಾಯಿತು. ಶನಿವಾರ ರೇಸ್ ಎಂದರೆ ಬುಧವಾರದಿಂದಲೇ ಬಾಯಿಗೆ ಬೀಗ. ಬೆಳಗ್ಗೆ ಒಂದು ಬೇಯಿಸಿದ ಮೊಟ್ಟೆಯ ಬಿಳಿ, ಸಂಜೆಗೆ ಅರ್ಧ ಸೇಬು. ಶುಕ್ರವಾರ ನೀರೂ ಇಲ್ಲ. ಬಾಯಿ ಮುಕ್ಕಳಿಸಿ ಉಗಿಯುವುದು. ಪ್ಲಾಸ್ಟಿಕ್ ಅಂಗಿ ತೊಟ್ಟು, ಅದರ ಮೇಲೆ ಎರಡು ಸ್ವೆಟರ್ ಹಾಕಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಓಟ. ಆಮೇಲೆ ಜಾಕಿಗಳ ಕೋಣೆಯ ಹಿಂದಿನ ಬಿಸಿನೀರ ತೊಟ್ಟಿ. ಕತ್ತಿನವರೆಗೆ ಕೂತು, ಬೆವರು ಕಣ್ಣಿಗಿಳಿದು, ಎದೆ ಡವಡವ ಹೊಡೆದುಕೊಳ್ಳುವವರೆಗೆ ಕಾಯುವುದು. ಎದ್ದು ತೂಗಿ ನೋಡುವುದು, ಇನ್ನೂ ಮುನ್ನೂರು ಗ್ರಾಂ ಇದ್ದರೆ ಮತ್ತೆ ಇಳಿಯುವುದು.

ಆ ಮೂರು ದಿನ ಅವನ ಹತ್ತಿರ ಸುಳಿಯುವವರಿಗೆ ಎಂಟೆದೆ ಬೇಕಿತ್ತು. ಬಸ್ಸಿನಲ್ಲಿ ಚಿಲ್ಲರೆ ತಡ ಮಾಡಿದ ಕಂಡಕ್ಟರ್ ಮೇಲೆ ರೇಗಿದ, ಸೋರುವ ನಲ್ಲಿಗೆ ಬೈದ, ಎದುರು ಮನೆಯವರು ಒಗ್ಗರಣೆ ಹಾಕಿದರು ಅಂತ ಕಿಟಕಿ ದಬಾರನೆ ಮುಚ್ಚಿದ. ಅವನನ್ನು ಮದುವೆಯಾಗಲು ಒಪ್ಪಿದ್ದ ಹುಡುಗಿ ಒಂದು ಶುಕ್ರವಾರ ಐಸ್ ಕ್ರೀಮ್ ತಿನ್ನುತ್ತ ಅವನ ಜೊತೆ ಪಾರ್ಕಿನಲ್ಲಿ ಕೂತಿದ್ದಳು. ಅಂದು ಅವನು ಆಡಿದ ಮಾತಿಗೆ ಎದ್ದು ಹೋದವಳು ಮತ್ತೆ ತಿರುಗಿ ನೋಡಲಿಲ್ಲ. ಅವಳಿಗೆ ಏನೆಂದೆ ಎಂಬುದನ್ನು ಅವನು ಅಕ್ಕನಿಗೂ ಹೇಳಲಿಲ್ಲ.

ಮೂವತ್ತಮೂರನೇ ವರ್ಷದಲ್ಲಿ ಅವನ ಕೈ ಮುರಿಯಿತು. ಕುದುರೆಯಿಂದ ಬಿದ್ದಿದ್ದರೆ ಅದೊಂದು ಮಾತು. ಬಿದ್ದು ಭುಜ ಜಾರಿದ್ದು, ಹಲ್ಲು ಹೋಗಿದ್ದು, ಅದೆಲ್ಲ ಜಾಕಿಗೆ ಮರ್ಯಾದೆಯ ವಿಷಯವೇ. ಇದು ಹಾಗಲ್ಲ. ಅಕ್ಕನ ಅಂಗಡಿಯ ಷಟರ್ ಅರ್ಧಕ್ಕೆ ಸಿಕ್ಕಿಕೊಂಡಿತ್ತು. "ಬಿಡಕ್ಕಾ, ನಾನೆತ್ತೀನಿ" ಎಂದು ಮುಂದೆ ಹೋದವನು ಒಂದು ಸಲ ಜಗ್ಗಿದ. ಲಟ್ ಎಂದಿತು. ಷಟರ್ ಅಂತ ಇಬ್ಬರೂ ಅಂದುಕೊಂಡರು.

ಮೂಳೆ ಡಾಕ್ಟರಮ್ಮ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಇನ್ನೊಂದು ಪರೀಕ್ಷೆ ಬೇಕು ಎಂದು ಬೇರೆ ಯಂತ್ರದಡಿ ಮಲಗಿಸಿದರು. ಎರಡು ದಿನ ಬಿಟ್ಟು, ಕೈಗೆ ಪ್ಲಾಸ್ಟರ್ ಹಾಕಿಕೊಂಡು ಅಕ್ಕನ ಜೊತೆ ಹೋದಾಗ ಅವರು ರಿಪೋರ್ಟು ಓದಿ ಅಕ್ಕನ ಕಡೆ ತಿರುಗಿದರು.

"ನಿಮ್ಮ ವಯಸ್ಸೆಷ್ಟಮ್ಮಾ?"

"ನಲವತ್ತೈದು. ಆದ್ರೆ ರಿಪೋರ್ಟು ನಂದಲ್ಲ, ಇವನದು."

ಡಾಕ್ಟರಮ್ಮ ಮತ್ತೊಮ್ಮೆ ಕಾಗದ ನೋಡಿದರು, ಅವನನ್ನು ನೋಡಿದರು. "ಇದು ಎಪ್ಪತ್ತು ದಾಟಿದ ಅಜ್ಜಿಯ ಬೆನ್ನುಮೂಳೆ ಇದ್ದ ಹಾಗಿದೆ. ಸೊಂಟದ್ದೂ ಅಷ್ಟೆ. ಏನು ಕೆಲಸ ನೀವು ಮಾಡೋದು?"

ಹುರಿ ಹೇಳಿದ. ಅವರು ಊಟದ ಬಗ್ಗೆ ಕೇಳಿದರು, ನೀರಿನ ಬಗ್ಗೆ, ತೊಟ್ಟಿಯ ಬಗ್ಗೆ. ಅವನು ಒಂದೊಂದೇ ಮಾತಿನಲ್ಲಿ ಉತ್ತರಿಸುತ್ತ ಹೋದ ಹಾಗೆ ಅವರ ಪೆನ್ನು ನಿಂತುಹೋಯಿತು.

"ಬೆಳೆಯೋ ವಯಸ್ಸಲ್ಲಿ ಮೂಳೆಗೆ ಬೇಕಾದ್ದು ಒಂದೂ ಸಿಕ್ಕಿಲ್ಲ," ಅಂದರು. "ಆಮೇಲೂ ಸಿಕ್ಕಿಲ್ಲ. ಒಳಗೆ ಜರಡಿ ಆಗಿದೆ. ಇನ್ನೊಂದು ಸಲ ಕುದುರೆಯಿಂದ ಬಿದ್ರೆ ಬೆನ್ನು ಉಳಿಯುತ್ತೆ ಅಂತ ನಾನು ಹೇಳಲಾರೆ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಹುರಿಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಒಂದೇ ಉರಿ ಹತ್ತಿತು. ಆವರೆಗೆ ಅವನ ಸಿಟ್ಟು ಕಂಡಕಂಡವರ ಮೇಲೆ, ನಲ್ಲಿ ಕಿಟಕಿಗಳ ಮೇಲೆ ಚೆಲ್ಲಿ ಹೋಗುತ್ತಿತ್ತು. ಅಂದು ಮೊದಲ ಸಲ ಅದಕ್ಕೆ ಹೋಗಬೇಕಾದ ಜಾಗ ಯಾವುದು ಎಂದು ತಿಳಿಯಿತು.

ಮೊದಲು ಹೋದದ್ದು ಟ್ರೇನರ್ ಹತ್ತಿರ. ಅವನು ರಿಪೋರ್ಟಿನ ಮೇಲೆ ಕಣ್ಣಾಡಿಸಿ ಮಡಿಸಿ ಕೊಟ್ಟ. "ಆರು ವಾರ ರೆಸ್ಟ್ ತಗೋ. ಹಾಲು ಕುಡಿ. ಆದ್ರೆ ನೋಡು, ದಪ್ಪ ಆಗ್ಬೇಡ."

"ಸಾರ್, ಹಾಲು ಕುಡಿದು ದಪ್ಪ ಆಗ್ದೇ ಇರೋದು ಹೇಗೆ ಅಂತ ನೀವೇ ಸ್ವಲ್ಪ ಮಾಡಿ ತೋರಿಸಿ," ಅಂದ ಹುರಿ. ಟ್ರೇನರ್‌ನ ಬೆಲ್ಟು ಹೊಟ್ಟೆಯ ಕೆಳಗೆಲ್ಲೋ ಅಡಗಿ ಕೂತಿತ್ತು. ಅಲ್ಲಿದ್ದ ಲಾಯದವರು ಕುದುರೆಯ ಮೈ ಉಜ್ಜುವ ನೆಪದಲ್ಲಿ ಮುಖ ತಿರುಗಿಸಿ ನಕ್ಕರು.

ಅಲ್ಲಿಂದ ನೆಟ್ಟಗೆ ಕಮಿಟಿ ಆಫೀಸಿಗೆ. ಎರಡು ಗಂಟೆ ಬೆಂಚಿನ ಮೇಲೆ ಕಾಯಿಸಿದ ಮೇಲೆ ಅಧ್ಯಕ್ಷರು ಒಳಗೆ ಕರೆದರು. ನಯವಾದ ಮನುಷ್ಯ. ಕೂರಲು ಹೇಳಿದರು, ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದರು.

"ಕನಿಷ್ಠ ತೂಕ ನಿಮ್ಮ ತಾತನ ಕಾಲದ್ದು ಸಾರ್," ಅಂದ ಹುರಿ. "ಈಗ ಮಕ್ಕಳು ಎತ್ತರ ಬೆಳೀತಾರೆ. ನಾಲ್ಕು ಕಿಲೋ ಏರಿಸಿ."

"ಕುದುರೆ ಕಾಲಿಗೆ ಭಾರ ಆಗುತ್ತಲ್ಲಪ್ಪಾ. ಅದನ್ನೂ ಯೋಚಿಸಬೇಕಲ್ವಾ."

"ಅದೇ ಕುದುರೆ ಬೆಳಗ್ಗೆ ಪ್ರಾಕ್ಟೀಸಿಗೆ ಅರವತ್ತೈದು ಕಿಲೋದವನನ್ನ ಹೊತ್ಕೊಂಡು ಓಡುತ್ತೆ. ಆಗ ಕಾಲು ಕಾಲಲ್ವಾ?"

ಅಧ್ಯಕ್ಷರು ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದುಕೊಂಡರು.

"ಕುದುರೆಗೆ ಮೂರು ತಿಂಗಳಿಗೊಮ್ಮೆ ಎಕ್ಸ್-ರೇ ತೆಗೀತೀರಿ. ಒಂದು ದಿನ ಮೇವು ಬಿಟ್ರೆ ಡಾಕ್ಟ್ರು ಓಡಿ ಬರ್ತಾರೆ. ನಾನು ಹದಿನಾಲ್ಕು ವರ್ಷದಿಂದ ಊಟ ಬಿಟ್ಟಿದ್ದೀನಿ. ಒಬ್ರಾದ್ರೂ ಯಾಕೋ ಅಂತ ಕೇಳಿದ್ರಾ?" ಅವನ ದನಿ ಹೊರಗಿನ ಗುಮಾಸ್ತರಿಗೂ ಕೇಳುತ್ತಿತ್ತು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಕಷ್ಟ ಅನಿಸಿದ್ರೆ ಬಿಡಬಹುದಲ್ಲ. ಯಾರೂ ಕಟ್ಟಿಹಾಕಿಲ್ಲ."

ಹುರಿ ಧಡಧಡ ಮೆಟ್ಟಿಲಿಳಿದ. ಮನೆಗೆ ಬಂದು ಅಕ್ಕನ ಮುಂದೆ ಹಾರಾಡಿದ, ಕೂಗಾಡಿದ. ಅವಳು ಹೊಲಿಗೆ ಮೆಷಿನ್ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

"ನನ್ನ ಮುಂದೆ ಕೂಗಿದ್ರೆ ಏನು ಬಂತು?" ಅಂದಳು ಕೊನೆಗೆ. "ನಿನ್ನೊಬ್ಬನ ಮೂಳೆ ತೋರಿಸಿದ್ರೆ ನಿನ್ನ ಹಣೆಬರಹ ಅಂತಾರೆ. ಎಲ್ಲರದೂ ತೋರ್ಸು."

ಜಾಕಿಗಳ ಕೋಣೆಯಲ್ಲಿ ಹತ್ತೊಂಬತ್ತು ಜನ. ಹುರಿ ಒಬ್ಬೊಬ್ಬರ ಬೆನ್ನಿಗೂ ಬಿದ್ದ. ಡಾಕ್ಟರಮ್ಮ ಸೋಮವಾರ ಮಧ್ಯಾಹ್ನ ತಾವೇ ನೋಡುತ್ತೇನೆ ಎಂದಿದ್ದರು. ಮೊದಲ ವಾರ ಇಬ್ಬರು ಬಂದರು, ಎರಡನೇ ವಾರ ಐವರು. ತಿಂಗಳಲ್ಲಿ ಹನ್ನೊಂದು ಜನರ ಪರೀಕ್ಷೆ ಆಯಿತು. ಎಂಟು ಜನರದು ಹುರಿಯದರಂತೆಯೇ, ಕೆಲವರದು ಅದಕ್ಕಿಂತ ಕಡೆ. ಅದರಲ್ಲೊಬ್ಬನಿಗೆ ಇಪ್ಪತ್ತೆರಡು.

ಉಳಿದವರಲ್ಲಿ ಎದುರು ನಿಂತವನು ದೊಡ್ಡಣ್ಣ. ಕೋಣೆಯಲ್ಲಿ ಎಲ್ಲರಿಗೂ ಹಿರಿಯ, ನಲವತ್ತೊಂದು ವರ್ಷ. ಹುರಿಗೆ ಲಗಾಮು ಹಿಡಿಯಲು ಕಲಿಸಿದವನೂ ಅವನೇ. ದೊಡ್ಡಣ್ಣ ಎಂದರೂ ಆಳು ಹುರಿಗಿಂತ ಗೇಣುದ್ದ ಕುಳ್ಳು.

"ನೀನು ಮುರಿದುಹೋದೆ ಅಂತ ಎಲ್ಲರನ್ನೂ ಮುರೀಬೇಡ," ಅಂದ ಅವನು, ಎಲ್ಲರೆದುರೇ. "ಮೈ ಕಾಯ್ಕೊಳ್ಳೋ ಯೋಗ್ಯತೆ ಇಲ್ದೋನು ಕುದುರೆ ಹತ್ತಬಾರದು. ನಾನು ಇಪ್ಪತ್ತಾರು ವರ್ಷ ತೂಕ ಇಳಿಸಿದ್ದೀನಿ. ಒಂದು ದಿನ ಕುಯ್ಯೋ ಮರ್ರೋ ಅಂದಿಲ್ಲ."

"ಅಂದಿದ್ರೆ ನಾನು ಅನ್ನೋದು ತಪ್ತಿತ್ತು ಅಣ್ಣಾ!" ಎಂದು ಹುರಿ ಅಬ್ಬರಿಸಿದ. "ನೀನು ಸುಮ್ನಿದ್ದೆ. ನಿನ್ನ ನೋಡಿ ನಾವು ಸುಮ್ನಿದ್ವಿ. ಇದನ್ನ ಗಂಡಸ್ತನ ಅಂತ ಹೇಳ್ಕೊಟ್ಟೋನು ನೀನೇ ಅಲ್ವಾ?"

ದೊಡ್ಡಣ್ಣ ಕೈಯೆತ್ತಿದ. ನಡುವೆ ನಾಲ್ಕು ಜನ ಬಂದರು. ಅಂದಿನಿಂದ ಇಬ್ಬರಿಗೂ ಮಾತು ನಿಂತಿತು.

ಮುಂದಿನ ಶನಿವಾರ. ಹುರಿ ಇನ್ನೂ ಪ್ಲಾಸ್ಟರಿನಲ್ಲಿದ್ದ. ಆದರೂ ತೂಕದ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಅದೊಂದು ಉದ್ದನೆಯ ಕೋಣೆ. ಒಂದು ತುದಿಯಲ್ಲಿ ಕುರ್ಚಿಯ ತಕ್ಕಡಿ, ಅದರ ಪಕ್ಕ ಮೇಜು, ಮೇಜಿನ ಹಿಂದೆ ತೂಕದ ಸಾಹೇಬರು. ಜಾಕಿ ಜೀನನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂರಬೇಕು, ಮುಳ್ಳು ನಿಲ್ಲಬೇಕು, ಸಾಹೇಬರು ಬರೆದುಕೊಂಡು "ಸರಿ" ಅನ್ನಬೇಕು.

ಮೂರನೇ ರೇಸಿಗೆ ದೊಡ್ಡಣ್ಣನಿಗೆ ನಲವತ್ತೊಂಬತ್ತರ ಕುದುರೆ. ಅವನು ಗೋಡೆ ಹಿಡಿದುಕೊಂಡು ಬಂದ. ತುಟಿ ಬಿರಿದು ಬಿಳಿಚಿಕೊಂಡಿತ್ತು. ಕುರ್ಚಿಯಲ್ಲಿ ಕೂತ. ಮುಳ್ಳು ಅತ್ತಿತ್ತ ಆಡಿ ನಿಂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ನಲವತ್ತೊಂಬತ್ತು, ಸರಿ. ಮುಂದಿನವರು," ಅಂದರು ಸಾಹೇಬರು, ಬರೆಯುತ್ತ.

ದೊಡ್ಡಣ್ಣ ಏಳಲಿಲ್ಲ. ಜೀನು ಮಡಿಲಿಂದ ಜಾರಿ ನೆಲಕ್ಕೆ ಬಿತ್ತು. ಅವನ ತಲೆ ಎದೆಗೆ ವಾಲಿತು, ಕಾಲುಗಳು ಸೆಟೆದು ಅದುರತೊಡಗಿದವು.

"ಮುಂದಿನವರು," ಎಂದರು ಸಾಹೇಬರು ಮತ್ತೆ. ತಲೆ ಎತ್ತಿರಲಿಲ್ಲ.

ಹುರಿ ಓಡಿ ಕೋಣೆ ದಾಟಿ ದೊಡ್ಡಣ್ಣನನ್ನು ಒಂದೇ ಕೈಯಲ್ಲಿ ತಬ್ಬಿ ನೆಲಕ್ಕೆ ಇಳಿಸಿದ. ಹಿಡಿದರೆ ಏನೂ ಇಲ್ಲ, ಹೊಲಿಯಲು ತಂದ ಬಟ್ಟೆಯ ಗಂಟಿನಷ್ಟು ಹಗುರ. ಯಾರೋ ಡಾಕ್ಟರಿಗೆ ಓಡಿದರು, ಯಾರೋ ನೀರು ತಂದರು. ಸ್ಟ್ರೆಚರ್ ಬಂದು ಅವನನ್ನು ಹೊತ್ತೊಯ್ಯುವವರೆಗೂ ಹುರಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಮೇಲೆ ಎದ್ದು, ಮೇಜಿನ ಮೇಲಿದ್ದ ತೂಕದ ಪುಸ್ತಕವನ್ನು ಎತ್ತಿ ಸಾಹೇಬರ ಮುಖದ ಮುಂದೆ ಹಿಡಿದ.

"ಇಲ್ಲಿ ಏನು ಬರೆದಿದ್ದೀರಿ, ಓದಿ."

"ಅದು... ತೂಕ..."

"ಗಟ್ಟಿಯಾಗಿ ಓದಿ! 'ಸರಿ' ಅಂತ ಬರೆದಿದ್ದೀರಿ. ಮನುಷ್ಯ ನಿಮ್ಮ ಕಣ್ಣೆದುರು ಕುಸೀತಿದ್ದಾನೆ, ನಿಮ್ಮ ಪುಸ್ತಕದಲ್ಲಿ ಸರಿ!"

ಸಾಹೇಬರು ಪೆನ್ನು ಕೆಳಗಿಟ್ಟರು. ಹುರಿ ಹಿಂದಕ್ಕೆ ತಿರುಗಿದ. ರೇಷ್ಮೆ ಅಂಗಿ ತೊಟ್ಟು, ಜೀನು ಹಿಡಿದು ಸಾಲಾಗಿ ನಿಂತಿದ್ದರು ಉಳಿದ ಜಾಕಿಗಳು. ಕೆಂಪು, ಹಳದಿ, ನೀಲಿ ಬಣ್ಣಗಳ ಮೇಲೆ ಒಂದೇ ಥರದ ಒಣಗಿದ ಮುಖಗಳು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಾಲಿನ ಮೊದಲನೆಯವನು, ಪರೀಕ್ಷೆಗೂ ಬಾರದೇ ಇದ್ದವನು, ಜೀನನ್ನು ನೆಲಕ್ಕಿಟ್ಟು ಅದರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಅವನ ಹಿಂದಿನವನೂ ಕೂತ. ಒಬ್ಬೊಬ್ಬರಾಗಿ ಎಲ್ಲರೂ.

ಹೊರಗೆ ಕುದುರೆಗಳು ಸವಾರರಿಲ್ಲದೆ ಸುತ್ತು ಹಾಕುತ್ತಿದ್ದವು. ಜನ ಮೊದಲು ಸಿಳ್ಳೆ ಹೊಡೆದರು, ಆಮೇಲೆ ಕೂಗಾಡಿದರು. ಟ್ರೇನರುಗಳು ಬಂದು ಗದರಿದರು, ಲೈಸೆನ್ಸು ಕಿತ್ತುಕೊಳ್ಳುತ್ತೇವೆ ಅಂದರು, ಒಬ್ಬ ಕೈಮುಗಿದೂ ನೋಡಿದ. ಯಾರೂ ಏಳಲಿಲ್ಲ. ಕಡೆಗೆ ಅಧ್ಯಕ್ಷರೇ ಬಂದರು.

"ಏನಪ್ಪಾ ಇದು? ಏನು ಬೇಕು ನಿಮಗೆ?"

ಹುರಿ ಜೊತೆಗೆ ತಂದಿದ್ದ ಹನ್ನೊಂದು ರಿಪೋರ್ಟುಗಳನ್ನು ತಕ್ಕಡಿಯ ಕುರ್ಚಿಯ ಮೇಲಿಟ್ಟ. "ಇದನ್ನ ಓದಿ ಸಾರ್. ನೀವು ಓದಿ ಮುಗಿಸೋವರೆಗೂ ನಾವು ಕೂತಿರ್ತೀವಿ. ಕಷ್ಟ ಅನಿಸಿದ್ರೆ ನೀವು ಬಿಡಬಹುದು, ಯಾರೂ ಕಟ್ಟಿಹಾಕಿಲ್ಲ."

ಅಂದು ಉಳಿದ ಯಾವ ರೇಸೂ ನಡೆಯಲಿಲ್ಲ. ಮೂರು ವಾರ ಜಗ್ಗಾಟ ಆಯಿತು. ಹುರಿ ಕೇಳಿದ್ದು ನಾಲ್ಕು ಕಿಲೋ, ಕಮಿಟಿ ಕೊಟ್ಟಿದ್ದು ಎರಡು. ವರ್ಷಕ್ಕೊಮ್ಮೆ ಎಲ್ಲ ಜಾಕಿಗಳಿಗೂ ಮೂಳೆ ಪರೀಕ್ಷೆ. ಬಿಸಿನೀರ ತೊಟ್ಟಿಯ ಕೋಣೆಗೆ ಬೀಗ. ಜಾಕಿಗಳೆಲ್ಲ ಒಪ್ಪಿಕೊಂಡು ಸಂಭ್ರಮಪಟ್ಟರು. ಹುರಿ ಒಬ್ಬನೇ ಕೆಂಡಾಮಂಡಲವಾಗಿ, "ಎರಡು ಕಿಲೋಗೆ ಎರಡು ಬಿಸ್ಕತ್ತು ತಿನ್ನಬಹುದು, ಅಷ್ಟೆ" ಎಂದು ಬಾಗಿಲು ಒದ್ದು ಹೊರಬಂದ.

ಅವನಿಗೆ ಆಮೇಲೆ ರೇಸಿನ ಕುದುರೆ ಸಿಗಲಿಲ್ಲ. ಡಾಕ್ಟರಮ್ಮನೂ ಬೇಡ ಅಂದಿದ್ದರು, ಅದಕ್ಕಿಂತ ಜೋರಾಗಿ ಟ್ರೇನರುಗಳೇ ಬೇಡ ಅಂದರು. ಮೈ ಹಗುರ ಇದ್ದರೇನು, ಬಾಯಿ ಭಾರ ಎಂದು ಆಡಿಕೊಂಡರು. ಊರಾಚೆಯ ಸವಾರಿ ಶಾಲೆಯೊಂದು ಅವನನ್ನು ಕೆಲಸಕ್ಕೆ ತೆಗೆದುಕೊಂಡಿತು. ಕಲಿಯಲು ಬಂದವರನ್ನು ಮುದಿ ಕುದುರೆಗಳ ಮೇಲೆ ಕೂರಿಸಿ, ತಾನು ನೆಲದ ಮೇಲೆ ನಿಂತು, "ಮಂಡಿ! ಮಂಡಿ ಒಳಗೆ!" ಎಂದು ದಿನವಿಡೀ ಕಿರುಚುವುದು ಅವನ ಕೆಲಸ. ಅದಕ್ಕೆ ಅವನಷ್ಟು ಯೋಗ್ಯರು ಇನ್ನೊಬ್ಬರು ಸಿಗುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ದೊಡ್ಡಣ್ಣನ ಮೂತ್ರಪಿಂಡ ಒಂದು ಪೂರ್ತಿ ಹೋಗಿತ್ತು. ಹುರಿ ನೋಡಲು ಹೋದಾಗ ಅವನು ಗೋಡೆ ಕಡೆ ತಿರುಗಿ ಮಲಗಿದ. ಎರಡನೇ ಸಲ ಹೋದಾಗಲೂ ಅಷ್ಟೆ. ಮೂರನೇ ಸಲ ತಿರುಗದೆಯೇ, "ನನ್ನ ರಿಪೋರ್ಟೂ ತಗೊಂಡು ಹೋಗು. ಮೇಜಿನ ಮೇಲಿದೆ" ಅಂದ. ಹುರಿ ತಗೊಂಡ. ಏನಾದರೂ ಒಳ್ಳೆಯ ಮಾತು ಹೇಳಬೇಕು ಅನಿಸಿತು, ಬಾಯಿಗೆ ಬಂದದ್ದು ಮಾತ್ರ, "ಇಷ್ಟು ದಿನ ಏನು ಕಡಿದು ಗುಡ್ಡೆ ಹಾಕ್ತಿದ್ದೆ?" ದೊಡ್ಡಣ್ಣನ ಬೆನ್ನು ಅಲುಗಿತು. ನಕ್ಕನೋ ಅತ್ತನೋ ಹುರಿಗೆ ತಿಳಿಯಲಿಲ್ಲ.

ವರ್ಷ ಕಳೆದ ಮೇಲೆ ಅವನ ಮೈ ಐವತ್ತೇಳಕ್ಕೆ ಬಂತು. ಅಕ್ಕ ಅವನ ಪ್ಯಾಂಟುಗಳ ಹೊಲಿಗೆ ಬಿಚ್ಚಿ ಅಗಲ ಮಾಡಿದಳು. ಹೊಟ್ಟೆ ತುಂಬಿದರೆ ಸಿಟ್ಟು ಇಳಿಯುತ್ತೆ ಎಂದು ಅವಳು ಎಣಿಸಿದ್ದು ಸುಳ್ಳಾಯಿತು. ನಲ್ಲಿ, ಕಿಟಕಿ, ಕಂಡಕ್ಟರುಗಳೇನೋ ಪಾರಾದರು. ಪಾರ್ಕಿನ ದಾರಿಯಲ್ಲಿ ಒಮ್ಮೆ ಆ ಹುಡುಗಿ ಮಗುವನ್ನೆತ್ತಿಕೊಂಡು ಎದುರಾದಾಗ ಅವನು ದಾರಿ ಬಿಟ್ಟು ನಿಂತು, "ಅವತ್ತು ನಂದು ತಪ್ಪು" ಅಂದ. ಅವಳು ತಲೆಯಾಡಿಸಿ ಹೋದಳು. ಆದರೆ ಕಮಿಟಿಯ ಹೆಸರೆತ್ತಿದರೆ ಸಾಕು, ಉಂಡ ಅನ್ನದ ಶಕ್ತಿಯೂ ಸೇರಿಕೊಂಡು ಈಗ ಅವನ ದನಿ ಮೂರನೇ ಮನೆಗೆ ಕೇಳುತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಹತ್ತೊಂಬತ್ತು ಜನರ ರಿಪೋರ್ಟು ಹರಡಿಕೊಂಡು ಅವನು ಉಳಿದೆರಡು ಕಿಲೋಗೆ ಅರ್ಜಿ ಹೇಳಿ ಬರೆಸುತ್ತಿದ್ದ. ಅಕ್ಷರ ಚಂದ ಎಂದು ಬರೆಯುವ ಕೆಲಸ ಅಕ್ಕನದು.

"'ತಾವು ದಯವಿಟ್ಟು' ಅಂತ ಬರೀಲಾ?"

"ದಯೆ ಯಾಕೆ? ತೆಗಿ ಅದನ್ನ."

"ಒಂದಾದ್ರೂ ಇರಲಿ ಕಣೋ. ಓದೋರಿಗೆ ಹಿತವಾಗಿರುತ್ತೆ."

"ಹಿತ ಬೇಡ ಅವರಿಗೆ. 'ಮೂಳೆಗೂ ತೂಕ ಇದೆ, ನಮ್ಮ ಹತ್ತೊಂಬತ್ತು ಜನರ ಮೈಯಿಂದ ನೀವು ಇಳಿಸಿದ್ದು ಅದನ್ನೇ' ಅಂತ ಹಾಕು. ಕೆಳಗೆ ಗೆರೆ ಎಳಿ. ಎರಡು ಗೆರೆ."

ಅಕ್ಕ ಎರಡು ಗೆರೆ ಎಳೆದಳು. ಅವನು ಪಕ್ಕದಲ್ಲಿದ್ದ ಬ್ರೆಡ್ಡಿನ ಚೂರನ್ನು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಮುಂದಿನ ಸಾಲು ಕೂಗಿ ಹೇಳತೊಡಗಿದ.